ಒಂದೇ ತೂಕ, ಒಂದೇ ಊಟ, ಎರಡು ಸಂಸಾರ: ಸೂರಕ್ಕಿ ಮತ್ತು ಹನಿ ಪಾಸಮ್

ಮಾಟುಂಗಾದ ಹಳೇ ಕಟ್ಟಡದ ಬಾಲ್ಕನಿಯಾಗಲಿ, ಪುಣೆಯ ಕೋಥ್ರೂಡ್‌ನ ಹೌಸಿಂಗ್ ಸೊಸೈಟಿಯಾಗಲಿ, ಮಡಗಾಂವ್‌ನ ಮನೆಯಂಗಳವಾಗಲಿ, ಒಂದು ದಾಸವಾಳವೋ ಕೇಪಳವೋ ಹೂಬಿಟ್ಟಿದ್ದರೆ ಸೂರಕ್ಕಿ ಅಲ್ಲಿಗೆ ಬಂದೇ ಬರುತ್ತದೆ. ಬಾಗಿದ ಕೊಕ್ಕು, ಗಂಡಾದರೆ ಬಿಸಿಲಿಗೆ ಮಿರುಗುವ ಗರಿ, ಒಂದು ಕಡೆ ಕೂರಲಾರದ ಚಡಪಡಿಕೆ. ಫೋಟೋ ತೆಗೆದವರು ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕುವಾಗ ‘ಹಮ್ಮಿಂಗ್‌ಬರ್ಡ್’ ಎಂದು ಬರೆಯುವುದು ಈಗ ರೂಢಿಯೇ ಆಗಿಬಿಟ್ಟಿದೆ. ಹಮ್ಮಿಂಗ್‌ಬರ್ಡ್ ಅಮೆರಿಕ ಖಂಡಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಅದು ಹಾಡುಹಕ್ಕಿಗಳ ಗುಂಪಿನದೂ ಅಲ್ಲ. ಸೂರಕ್ಕಿಯಾದರೋ ಗುಬ್ಬಿ, ಮಡಿವಾಳ, ಪಿಕಳಾರಗಳ ಬಳಗದ ಅಪ್ಪಟ ಹಾಡುಹಕ್ಕಿ.

ಹೋಲಿಸಲೇಬೇಕೆಂದಿದ್ದರೆ ಇದಕ್ಕಿಂತ ಸ್ವಾರಸ್ಯದ ಜೋಡಿ ಇನ್ನೊಂದಿದೆ. ಆಸ್ಟ್ರೇಲಿಯದ ನೈಋತ್ಯ ಮೂಲೆಯಲ್ಲಿ, ಪರ್ತ್ ಸುತ್ತಲಿನ ಮರಳುನೆಲದ ಕುರುಚಲು ಕಾಡಿನಲ್ಲಿ, ಹನಿ ಪಾಸಮ್ ಎಂಬ ಪುಟ್ಟ ಪ್ರಾಣಿ ಇದೆ. ವೈಜ್ಞಾನಿಕ ಹೆಸರು ಟಾರ್ಸಿಪೆಸ್ ರೊಸ್ಟ್ರೇಟಸ್. 1842ರಲ್ಲಿ ವಿಜ್ಞಾನಿಗಳು ಹೆಸರಿಟ್ಟರು. ನೋಡಲು ಸುಂಡಿಲಿಯಂತೆ ಚೂಪು ಮೂತಿ, ಮೈಗಿಂತ ಉದ್ದದ ಬಾಲ, ಬೆನ್ನಿನುದ್ದಕ್ಕೂ ಕಪ್ಪು ಗೆರೆ. ಆದರೆ ಇಲಿಗೂ ಅದಕ್ಕೂ ಹತ್ತಿರದ ನಂಟಿಲ್ಲ. ಅದು ಕಾಂಗರೂ, ಕೋಲಾಗಳ ಕಡೆಯದು, ಹೊಟ್ಟೆಚೀಲದಲ್ಲಿ ಮರಿ ಸಾಕುವ ಸಸ್ತನಿ. ಅದರ ಕುಟುಂಬದಲ್ಲಿ ಈಗ ಉಳಿದಿರುವುದು ಅದೊಂದೇ ಪ್ರಭೇದ.

ಸೂರಕ್ಕಿ ಎಂದಾಗ ಇಲ್ಲಿ ಮುಖ್ಯವಾಗಿ ಹೇಳುತ್ತಿರುವುದು ನಮ್ಮ ಬಾಲ್ಕನಿಗಳಿಗೆ ಅತಿ ಹೆಚ್ಚು ಬರುವ ನೇರಳೆ ಸೊಂಟದ, ಹಳದಿ ಹೊಟ್ಟೆಯ ಜಾತಿಯನ್ನು. ಉದ್ದ 10 ಸೆಂಟಿಮೀಟರಿಗಿಂತ ಕಡಿಮೆ, ತೂಕ 7ರಿಂದ 11 ಗ್ರಾಂ. ಹನಿ ಪಾಸಮ್‌ನ ಗಂಡು ಕೂಡ 7ರಿಂದ 10 ಗ್ರಾಂ ಆಸುಪಾಸು. ಹೆಣ್ಣು ಅದಕ್ಕಿಂತ ದಪ್ಪ, 10–12 ಗ್ರಾಂ ಸಾಮಾನ್ಯ. ಎರಡೂ ಬದುಕುವುದು ಹೂವಿನ ಮಕರಂದದಿಂದ. ಎರಡಕ್ಕೂ ಉದ್ದ ನಾಲಿಗೆ, ಚಾಚಿದ ಮುಖ, ಕಣ್ಣಿಗೆ ಬಣ್ಣದ ಅರಿವು. ಇಷ್ಟರವರೆಗೆ ಅವಳಿಗಳಂತೆ ಕಾಣುತ್ತವೆ. ಒಳಗೆ ಹೊಕ್ಕು ನೋಡಿದರೆ ಎರಡರ ದಾರಿ ಪೂರಾ ಬೇರೆ. ಈ ವ್ಯತ್ಯಾಸಗಳಲ್ಲಿ ಹೆಚ್ಚಿನವು ಬಂದು ನಿಲ್ಲುವುದು ಎರಡೇ ಪ್ರಶ್ನೆಗಳ ಹತ್ತಿರ: ಪ್ರೋಟೀನ್ ಎಲ್ಲಿಂದ ತರುವುದು, ಮರಿಯನ್ನು ಎಲ್ಲಿಡುವುದು.

ನಾಲಿಗೆಯ ಕೆಲಸ

ಸೂರಕ್ಕಿಯ ನಾಲಿಗೆ ಕೊಳವೆಯಾಕಾರದ್ದು, ತುದಿ ಸೀಳಿದೆ. ನಾಲಿಗೆಯ ಬುಡವನ್ನು ಮೇಲಿನ ದವಡೆಗೆ ಒತ್ತಿ ಬಿಡುವಾಗ ಒಳಗೆ ಒತ್ತಡ ಇಳಿಯುತ್ತದೆ, ಮಕರಂದ ಕೊಳವೆಯೊಳಗೆ ಏರುತ್ತದೆ. ಅಂದರೆ ಅದು ನಾಲಿಗೆಯಿಂದಲೇ ಹೀರುತ್ತದೆ. ಈಚಿನ ಹೈಸ್ಪೀಡ್ ಕ್ಯಾಮೆರಾ ಅಧ್ಯಯನಗಳಲ್ಲಿ ಇದು ಸ್ಪಷ್ಟವಾಗಿದೆ. ಹಮ್ಮಿಂಗ್‌ಬರ್ಡ್ ಬಳಸುವ ತಂತ್ರ ಬೇರೆ, ಅದರ ಚಪ್ಪಟೆಯಾದ ನಾಲಿಗೆ ಹೂವಿನೊಳಗೆ ಹಿಗ್ಗಿ ರಸ ತುಂಬಿಕೊಳ್ಳುತ್ತದೆ. ಕುಡಿಯುವ ಭಂಗಿಯಲ್ಲೂ ವ್ಯತ್ಯಾಸವಿದೆ. ಸೂರಕ್ಕಿ ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಲ್ಲುವುದು ಕೆಲವು ಕ್ಷಣ ಮಾತ್ರ. ಸಾಮಾನ್ಯವಾಗಿ ಕೊಂಬೆಯ ಮೇಲೆ ಕುಳಿತು, ಬೇಕಾದರೆ ತಲೆಕೆಳಗಾಗಿ ಜೋತು ಕುಡಿಯುತ್ತದೆ. ಬಾಲ್ಕನಿಯಲ್ಲಿ ಗುರುತು ಹಿಡಿಯಲು ಇದೇ ಸುಲಭದ ಲಕ್ಷಣ.

ದಾಸವಾಳದ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಿದರೆ ಇನ್ನೊಂದು ಚಾಲಾಕಿ ಕಾಣುತ್ತದೆ. ಹೂವಿನ ಬಾಯಿಯಿಂದ ಹೊಕ್ಕರೆ ಕೊಕ್ಕು ಬುಡದವರೆಗೆ ಮುಟ್ಟುವುದು ಕಷ್ಟ. ಹಾಗಾಗಿ ಹಕ್ಕಿ ಹೂವಿನ ಹಿಂದೆ ಬಂದು, ತೊಟ್ಟಿನ ಮೇಲೆ ಕುಳಿತು, ದಳದ ಬುಡಕ್ಕೇ ಕೊಕ್ಕು ಚುಚ್ಚಿ ರಸ ಎಳೆಯುತ್ತದೆ. ಗಿಡಕ್ಕೆ ಇದರಿಂದ ಪರಾಗಸ್ಪರ್ಶದ ಲಾಭ ಚೂರೂ ಇಲ್ಲ, ಇದು ಕಳ್ಳತನವೇ. ಸಂಜೆ ಉದುರಿದ ದಾಸವಾಳದ ಬುಡ ಬಿಡಿಸಿ ನೋಡಿದರೆ ತೂತು ಇರುತ್ತದೆ. ಮಾವಿನ ಮರಕ್ಕೆ ಹತ್ತಿದ ಬದನಿಕೆಯ ಹೂವಿನಲ್ಲಿ ಮಾತ್ರ ಅದು ಮುಂಬಾಗಿಲಿನಿಂದಲೇ ಹೋಗುತ್ತದೆ, ಹಣೆಗೆ ಪರಾಗ ಮೆತ್ತಿಸಿಕೊಂಡು ಬರುತ್ತದೆ.

ಹನಿ ಪಾಸಮ್‌ಗೆ ಹೀರುವ ಕೊಳವೆಯಿಲ್ಲ. ಅದರ ನಾಲಿಗೆಯ ತುದಿ ಬ್ರಷ್‌ನಂತೆ, ಸಣ್ಣ ಸಣ್ಣ ಬಿರುಗೂದಲಿನಿಂದ ತುಂಬಿದೆ. ಮೂತಿಯಿಂದ ಆಚೆಗೆ ಸುಮಾರು ಎರಡು ಸೆಂಟಿಮೀಟರ್ ಚಾಚಬಲ್ಲದು. ಬ್ಯಾಂಕ್ಸಿಯ ಎಂಬ ಗಿಡದ ದಿಂಡಿನಂಥ ಹೂಗೊಂಚಲಲ್ಲಿ ನೂರಾರು ಪುಟ್ಟ ಹೂಗಳು ಒತ್ತೊತ್ತಾಗಿ ಇರುತ್ತವೆ. ಪಾಸಮ್ ಆ ದಿಂಡನ್ನು ಬೆರಳುಗಳಿಂದ ಹಿಡಿದು, ಬಾಲವನ್ನು ಕೊಂಬೆಗೆ ಸುತ್ತಿ, ನಾಲಿಗೆಯನ್ನು ಹೂಗಳ ನಡುವೆ ಸರಸರನೆ ಆಡಿಸುತ್ತದೆ. ಬಿರುಗೂದಲಿಗೆ ರಸವೂ ಹತ್ತುತ್ತದೆ, ಪರಾಗವೂ ಹತ್ತುತ್ತದೆ. ನಾಲಿಗೆ ಒಳಗೆ ಬರುವಾಗ ಬಾಯಿಯ ಅಂಗುಳದ ಏಣುಗಳು ಅದನ್ನು ಕೆರೆದು ಪರಾಗ ಇಳಿಸಿಕೊಳ್ಳುತ್ತವೆ. ಅಗಿಯುವ ಕೆಲಸವೇ ಇಲ್ಲದ್ದರಿಂದ ಹಲ್ಲುಗಳು ಕ್ಷೀಣಿಸಿ ಮೊಳೆಗಳಂತಾಗಿವೆ. ಕೆಳದವಡೆಯ ಎರಡು ಬಾಚಿಹಲ್ಲು ಮಾತ್ರ ಸರಿಯಾಗಿ ಉಳಿದಿವೆ.

ನೀರಿನ ಲೆಕ್ಕ

ಮಕರಂದ ಕುಡಿದು ಬದುಕುವುದು ಕೇಳಲು ಸೊಗಸು, ದೇಹಕ್ಕೆ ಮಾತ್ರ ದೊಡ್ಡ ತಾಪತ್ರಯ. 9 ಗ್ರಾಂ ತೂಕದ ಹನಿ ಪಾಸಮ್ ದಿನಕ್ಕೆ ಸುಮಾರು 7 ಮಿಲಿಲೀಟರ್ ಮಕರಂದ ಕುಡಿದು, 1 ಗ್ರಾಂ ಪರಾಗ ತಿನ್ನುತ್ತದೆ. ಮಕರಂದದಲ್ಲಿ ಸಕ್ಕರೆ ಶೇಕಡ 20 ಎಂದು ಹಿಡಿದರೆ, 7 ಮಿಲಿಲೀಟರಿನಲ್ಲಿ ಒಂದೂವರೆ ಗ್ರಾಂ ಸಕ್ಕರೆ, ಉಳಿದ ಸುಮಾರು 6 ಗ್ರಾಂ ಬರೀ ನೀರು. 60 ಕೆಜಿ ತೂಕದ ಮನುಷ್ಯ ಅದೇ ಪ್ರಮಾಣದಲ್ಲಿ ಕುಡಿಯಬೇಕೆಂದರೆ ದಿನಕ್ಕೆ ಸುಮಾರು 47 ಲೀಟರ್. ಅಷ್ಟು ನೀರು ನಮ್ಮ ರಕ್ತಕ್ಕೆ ಇಳಿದರೆ ಸೋಡಿಯಂ ತೆಳುವಾಗಿ ಪ್ರಾಣಕ್ಕೇ ಅಪಾಯ.

ಹನಿ ಪಾಸಮ್ ಇದನ್ನು ಮೂತ್ರಪಿಂಡದ ಬಲದಿಂದ ನಿಭಾಯಿಸುತ್ತದೆ: ಉಪ್ಪನ್ನು ಒಳಗೆ ಉಳಿಸಿಕೊಂಡು, ನೀರಿನಷ್ಟೇ ತೆಳುವಾದ ಮೂತ್ರವನ್ನು ಹೊರಗೆ ಬಿಡುತ್ತಲೇ ಇರುತ್ತದೆ. ಸೂರಕ್ಕಿಗಳ ಬಳಿ ಇನ್ನೊಂದು ಉಪಾಯವಿದೆ. ಪಶ್ಚಿಮ ಏಷ್ಯಾದ ಪ್ಯಾಲೆಸ್ಟೀನ್ ಸೂರಕ್ಕಿಯ ಮೇಲೆ ನಡೆದ ಪ್ರಯೋಗಗಳ ಪ್ರಕಾರ, ಹಕ್ಕಿ ತೆಳು ಮಕರಂದ ಹೆಚ್ಚು ಕುಡಿದಾಗ ಕರುಳು ಸಕ್ಕರೆಯನ್ನು ಹೀರಿಕೊಂಡು ನೀರಿನ ದೊಡ್ಡ ಪಾಲನ್ನು ಹಾಗೇ ಹೊರಗೆ ಸಾಗಿಸುತ್ತದೆ. ನೀರು ರಕ್ತಕ್ಕೆ ಬರುವುದೇ ಇಲ್ಲವಾದರೆ ಮೂತ್ರಪಿಂಡಕ್ಕೆ ಹೊರೆಯೂ ಇಲ್ಲ. ಹಾರುವ ಹಕ್ಕಿಗೆ ಇದರಲ್ಲಿ ಇನ್ನೊಂದು ಅನುಕೂಲವಿದೆ, ಹೊರುವ ಭಾರ ಬೇಗ ಇಳಿಯುತ್ತದೆ. ನಿಮ್ಮ ಬಾಲ್ಕನಿಯ ಗ್ರಿಲ್ ಮೇಲೆ ಸೂರಕ್ಕಿ ಕೂತೆದ್ದ ಜಾಗದಲ್ಲಿ ನೀರುನೀರಾದ ಹನಿ ಬಿದ್ದಿರುವುದು ಇದಕ್ಕೇ.

ಸಕ್ಕರೆಯ ವಿಷಯದಲ್ಲಿ ಒಂದು ಸಣ್ಣ ಅಡ್ಡಮಾತು. ನಾವು ಚಹಾಕ್ಕೆ ಹಾಕುವ ಸಕ್ಕರೆ ಸುಕ್ರೋಸ್. ಅದನ್ನು ಒಡೆಯುವ ಕಿಣ್ವ ಸೂರಕ್ಕಿಗೆ ಧಾರಾಳವಾಗಿದೆ. ಮೈನಾಗಳ ಕುಟುಂಬಕ್ಕೆ ಆ ಕಿಣ್ವವೇ ಇಲ್ಲ. ಮೈನಾ ಬೂರುಗದ ಹೂವಿಗೆ ಮುಗಿಬಿದ್ದು ಕುಡಿಯುತ್ತದಲ್ಲ ಎಂದರೆ, ಅಂಥ ದೊಡ್ಡ ಬಟ್ಟಲುಹೂಗಳಲ್ಲಿ ಗ್ಲೂಕೋಸ್, ಫ್ರಕ್ಟೋಸ್‌ಗಳೇ ಹೆಚ್ಚು. ಸಕ್ಕರೆ ನೀರಿನ ಬಟ್ಟಲಿಟ್ಟರೆ ಎಲ್ಲ ಹಕ್ಕಿಗೂ ಒಳ್ಳೆಯದು ಎಂಬ ನಂಬಿಕೆ ಇಲ್ಲೇ ಸುಳ್ಳಾಗುತ್ತದೆ.

ಪ್ರೋಟೀನಿಗೆ ಏನು ಗತಿ

ಮಕರಂದದಲ್ಲಿ ಸಕ್ಕರೆ ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಮೈ ಬೆಳೆಯಲು, ಗರಿ ಮೂಡಲು, ಹಾಲು ಇಳಿಯಲು ಪ್ರೋಟೀನ್ ಬೇಕು. ಇಲ್ಲಿಂದ ಎರಡರ ದಾರಿ ಕವಲೊಡೆಯುತ್ತದೆ.

ಸೂರಕ್ಕಿ ಜೇಡ, ಸೊಳ್ಳೆ, ಎಲೆಹುಳು ಹಿಡಿದು ತಿನ್ನುತ್ತದೆ. ಮರಿಗಳಿಗಂತೂ ಕೀಟ, ಜೇಡಗಳೇ ಮುಖ್ಯ ಊಟ. ಪರಾಗ ಅದರ ಹೊಟ್ಟೆಗೆ ಹೋದರೂ ಬಹುಪಾಲು ಹಾಗೆಯೇ ಹೊರಬೀಳುತ್ತದೆ, ಏಕೆಂದರೆ ಪರಾಗದ ಹೊರಗವಚ ಪ್ರಕೃತಿಯ ಅತಿ ಗಟ್ಟಿ ವಸ್ತುಗಳಲ್ಲಿ ಒಂದು. ಹನಿ ಪಾಸಮ್ ಕೀಟದ ಗೋಜಿಗೆ ಹೋಗುವುದಿಲ್ಲ. ಹಾರಲು ಬಾರದ ಸಸ್ತನಿಗಳಲ್ಲಿ ಪೂರ್ತಿಯಾಗಿ ಮಕರಂದ, ಪರಾಗ ಎರಡನ್ನೇ ನಂಬಿ ಬದುಕುವುದು ಇದೊಂದೇ. ಪರಾಗದ ಕವಚವನ್ನು ಅದು ಒಡೆಯುವುದಿಲ್ಲ. ಕವಚದಲ್ಲಿರುವ ಸೂಕ್ಷ್ಮ ರಂಧ್ರಗಳ ಮೂಲಕ ಒಳಗಿನ ಸತ್ವವನ್ನು ಜೀರ್ಣರಸದಿಂದ ಸೆಳೆಯುತ್ತದೆ. ಜಠರಕ್ಕೆ ಅಂಟಿಕೊಂಡು ಇನ್ನೊಂದು ಚೀಲವೂ ಅದಕ್ಕಿದೆ. ಹಿಕ್ಕೆಯಲ್ಲಿ ಖಾಲಿ ಕವಚಗಳು ಹೊರಬರುತ್ತವೆ. ಪ್ರತಿ ಗಿಡದ ಪರಾಗದ ಆಕಾರ ಬೇರೆ ಬೇರೆ ಇರುವುದರಿಂದ, ಪ್ರಾಣಿ ಯಾವ ಯಾವ ಹೂವಿಗೆ ಹೋಗಿತ್ತು ಎಂಬುದನ್ನು ಸಂಶೋಧಕರು ಆ ಹಿಕ್ಕೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟೇ ಓದುತ್ತಾರೆ.

ಪರಿಣಾಮ ಏನೆಂದರೆ, ಸೂರಕ್ಕಿಗೆ ಹೂವಿಲ್ಲದ ವಾರಗಳಲ್ಲಿ ಜೇಡವಾದರೂ ಸಿಗುತ್ತದೆ. ಹನಿ ಪಾಸಮ್‌ಗೆ ವರ್ಷದ ಹನ್ನೆರಡು ತಿಂಗಳೂ ಒಂದಲ್ಲ ಒಂದು ಗಿಡ ಹೂಬಿಟ್ಟಿರಲೇಬೇಕು. ಗಿಡಗಳ ವೈವಿಧ್ಯ ಅಷ್ಟೊಂದಿರುವ ನೈಋತ್ಯ ಆಸ್ಟ್ರೇಲಿಯದಲ್ಲಿ ಮಾತ್ರ ಅದು ಉಳಿದಿರುವುದಕ್ಕೆ ಇದೇ ಕಾರಣ. ಅಪಾಯವೂ ಅಲ್ಲೇ ಇದೆ. ಫೈಟಾಫ್ತೊರ ಸಿನ್ನಮೋಮಿ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿ ಬ್ಯಾಂಕ್ಸಿಯಗಳ ಬೇರು ಕೊಳೆಸಿ ಗಿಡಗಳನ್ನು ಸಾಯಿಸುತ್ತದೆ. ಅದು ಹರಡುವುದು ಹಸಿ ಮಣ್ಣಿನ ಮೂಲಕ, ಗಾಡಿಯ ಟಯರಿಗೂ ನಡೆಯುವವರ ಬೂಟಿಗೂ ಅಂಟಿಕೊಂಡು. ಅಲ್ಲಿನ ಕಾಡುದಾರಿಗಳ ಬಾಯಲ್ಲಿ ಬೂಟು ಉಜ್ಜಲು ಬ್ರಷ್ ಇಟ್ಟಿರುವುದು ಅದಕ್ಕಾಗಿಯೇ.

ಮರಿಯನ್ನು ಎಲ್ಲಿಡುವುದು

ಈಗ ಮುಖ್ಯ ವಿಷಯ. ಹಾರುವ ಪ್ರಾಣಿಗೆ ಹೊಟ್ಟೆಯಲ್ಲಿ ಮರಿ ಹೊತ್ತು ತಿಂಗಳುಗಟ್ಟಲೆ ತಿರುಗುವುದು ಭಾರದ ಮಾತು. ಹಕ್ಕಿಗಳು ಇದಕ್ಕೆ ಕಂಡುಕೊಂಡ ದಾರಿ, ಬೇಕಾದುದನ್ನೆಲ್ಲ ಒಂದೇ ಪೊಟ್ಟಣದಲ್ಲಿ ಕಟ್ಟಿ ಬೇಗ ಹೊರಗಿಡುವುದು. ಸೂರಕ್ಕಿಯ ಮೊಟ್ಟೆ ಸುಮಾರು 16 ಮಿಲಿಮೀಟರ್ ಉದ್ದ, 11–12 ಮಿಲಿಮೀಟರ್ ಅಗಲ, ತೂಕ ಹತ್ತಿರ ಹತ್ತಿರ 1 ಗ್ರಾಂ. ತಾಯಿಯ ತೂಕದ ಹತ್ತನೇ ಒಂದು ಪಾಲಿಗೂ ಕಡಿಮೆಯಿಲ್ಲ. ದಿನಕ್ಕೊಂದರಂತೆ ಎರಡು ಮೊಟ್ಟೆ. ಒಟ್ಟಿಗೆ ಎರಡನ್ನು ಹೊರುವ ಪ್ರಸಂಗವೇ ಬರದಂತೆ ದೇಹ ನೋಡಿಕೊಳ್ಳುತ್ತದೆ. ಹೆಚ್ಚಿನ ಹಕ್ಕಿಗಳಲ್ಲಿ ಕೆಲಸ ಮಾಡುವ ಅಂಡಾಶಯವೂ ಎಡಗಡೆಯ ಒಂದೇ.

ಹನಿ ಪಾಸಮ್‌ನದು ಇದರ ತದ್ವಿರುದ್ಧ. ಗರ್ಭ ಮೂರು ನಾಲ್ಕು ವಾರ ಅಷ್ಟೇ. ಹುಟ್ಟುವ ಮರಿಯ ತೂಕ 5 ಮಿಲಿಗ್ರಾಂ, ಅಂದರೆ ಒಂದು ಗ್ರಾಮಿನ ಇನ್ನೂರನೇ ಒಂದು ಪಾಲು. ಇದುವರೆಗೆ ಗೊತ್ತಿರುವ ಸಸ್ತನಿಗಳಲ್ಲಿ ಹುಟ್ಟುವಾಗ ಅತಿ ಚಿಕ್ಕದು ಇದೇ. ಒಂದು ಸೂರಕ್ಕಿ ಮೊಟ್ಟೆಯ ತೂಕಕ್ಕೆ ಇಂಥ 200 ಮರಿಗಳು ಬೇಕು. ಕಣ್ಣಿಲ್ಲ, ಕಿವಿಯಿಲ್ಲ, ಹಿಂಗಾಲು ಬರೀ ಮೊಗ್ಗು. ಮುಂಗಾಲು ಮತ್ತು ಬಾಯಿ ಮಾತ್ರ ಸಿದ್ಧ. ಆ ಮುಂಗಾಲಿನಿಂದ ತಾಯಿಯ ರೋಮ ಹಿಡಿದು ತೆವಳಿ ಹೊಟ್ಟೆಚೀಲ ಸೇರುತ್ತದೆ, ಮೊಲೆತೊಟ್ಟು ಕಚ್ಚುತ್ತದೆ. ತೊಟ್ಟು ಬಾಯೊಳಗೇ ಉಬ್ಬಿಕೊಳ್ಳುವುದರಿಂದ ತಾಯಿ ಎಷ್ಟು ಓಡಿದರೂ ಮರಿ ಕಳಚಿ ಬೀಳುವುದಿಲ್ಲ. ತೊಟ್ಟುಗಳು ನಾಲ್ಕಿದ್ದರೂ ಸಾಮಾನ್ಯವಾಗಿ ಬೆಳೆಯುವುದು ಎರಡು ಮೂರು ಮರಿ.

ಇಲ್ಲಿಂದ ಬೆಳವಣಿಗೆಯ ಲೆಕ್ಕ ನೋಡಿ. ಸುಮಾರು 60 ದಿನ ಚೀಲದಲ್ಲಿದ್ದು ಹೊರಬರುವಾಗ ಮರಿ ಸುಮಾರು 2.5 ಗ್ರಾಂ, ಹುಟ್ಟಿದಾಗಿನ 500 ಪಟ್ಟು. ಅಷ್ಟು ಹೊತ್ತಿಗೆ ಮೂರು ಮರಿಗಳಿದ್ದರೆ ಒಟ್ಟು ಏಳೂವರೆ ಗ್ರಾಂ. ಹತ್ತು ಹನ್ನೆರಡು ಗ್ರಾಂನ ತಾಯಿ ಇದನ್ನೆಲ್ಲ ಹೊತ್ತು ಕೊಂಬೆ ಹತ್ತಬೇಕು. ಹತ್ತುತ್ತದೆ ಕೂಡ, ಏಕೆಂದರೆ ಅದಕ್ಕೆ ಹಾರಬೇಕಾಗಿಲ್ಲ. ಸೂರಕ್ಕಿ ಮರಿಯಾದರೋ 14ರಿಂದ 16 ದಿನದ ಕಾವಿನ ನಂತರ ಒಡೆದು ಬಂದು, ಸುಮಾರು 17 ದಿನದಲ್ಲಿ ಗೂಡು ಬಿಡುತ್ತದೆ, ತೂಕ ಏರುವುದು ಹತ್ತು ಪಟ್ಟಿನಷ್ಟು. ಮೊಟ್ಟೆ ಇಟ್ಟಲ್ಲಿಂದ ಹಾರುವವರೆಗೆ ಐದು ವಾರದೊಳಗೆ ಎಲ್ಲ ಮುಗಿಯುತ್ತದೆ. ಹನಿ ಪಾಸಮ್‌ಗೆ ಚೀಲದ ಎರಡು ತಿಂಗಳಾದ ಮೇಲೂ ಕೆಲವು ದಿನ ಹಾಲು ಬೇಕು.

ನಿಧಾನವಾದರೂ ಚೀಲದ ವ್ಯವಸ್ಥೆಯಲ್ಲಿ ಒಂದು ಜಾಣ್ಮೆ ಇದೆ. ಹಕ್ಕಿ ಖರ್ಚನ್ನು ಮುಂಗಡವಾಗಿ ಕೊಡಬೇಕು. ಮೊಟ್ಟೆಯಲ್ಲಿ ಹಾಕಿದ ಹಳದಿ ಭಾಗ ವಾಪಸ್ ಬರುವುದಿಲ್ಲ, ಕಾಗೆ ಕೊಂಡೊಯ್ದರೆ ಎಲ್ಲ ನಷ್ಟ. ಪಾಸಮ್ ತಾಯಿಯ ಖರ್ಚು ಮೊದಲು ಅತ್ಯಲ್ಪ, ದಿನ ಕಳೆದಂತೆ ಏರುತ್ತದೆ. ಹಾಲಿನ ಸ್ವರೂಪವೂ ಮರಿಯ ವಯಸ್ಸಿಗೆ ತಕ್ಕಂತೆ ಬದಲಾಗುತ್ತದೆ. ಹೂವಿನ ಕಾಲ ಕೆಟ್ಟರೆ ಮರಿ ಚಿಕ್ಕದಿರುವಾಗಲೇ ಹೋಗುತ್ತದೆ, ತಾಯಿ ಉಳಿಯುತ್ತಾಳೆ. ಬದಲಿಯೂ ಒಳಗೇ ತಯಾರಿರುತ್ತದೆ: ಹೆತ್ತ ಮೇಲೆ ಮತ್ತೆ ಕೂಡಿ ಮೂಡಿದ ಭ್ರೂಣಗಳು ಬೆಳೆಯದೆ ಜಡವಾಗಿ ಗರ್ಭದಲ್ಲಿ ಕಾಯುತ್ತವೆ, ಚೀಲ ಖಾಲಿಯಾದಾಗ ಬೆಳವಣಿಗೆ ಮುಂದುವರಿಯುತ್ತದೆ. ಸೂರಕ್ಕಿಗೆ ಇಂಥ ಠೇವಣಿ ಇಲ್ಲ, ಗೂಡು ಹಾಳಾದರೆ ಹೊಸದಾಗಿ ಮೊಟ್ಟೆಯಿಡಬೇಕು.

ಅಪ್ಪನ ಪಾತ್ರದಲ್ಲೂ ಇದರ ನೆರಳು ಕಾಣುತ್ತದೆ. ಮರಿ ಹೊರಗೆ ಗೂಡಿನಲ್ಲಿದ್ದರೆ ಗಂಡೂ ಕೈಜೋಡಿಸಬಹುದು. ಸೂರಕ್ಕಿಯಲ್ಲಿ ಗೂಡು ಕಟ್ಟುವುದು ಹೆಣ್ಣಿನ ಪಾಲಾದರೂ ಮರಿಗೆ ಉಣಿಸಲು ಗಂಡು ಬರುತ್ತದೆ, ಗೂಡು ಬಿಟ್ಟ ಮೇಲೂ ಕೆಲವು ದಿನ ಉಣಿಸುತ್ತದೆ. ಚೀಲದಲ್ಲಿರುವ ಮರಿಗೆ ಗಂಡು ಪಾಸಮ್ ಮಾಡುವಂಥದ್ದು ಏನೂ ಇಲ್ಲ. ಅದರ ಪೈಪೋಟಿಯೆಲ್ಲ ಕೂಡುವ ಹಂತದಲ್ಲಿ: ಹೆಣ್ಣು ಹಲವು ಗಂಡುಗಳ ಜೊತೆ ಕೂಡುತ್ತದೆ, ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರಿರುವುದುಂಟು. ಗಂಡಿನ ವೀರ್ಯಾಣು 0.36 ಮಿಲಿಮೀಟರ್ ಉದ್ದ, ಸಸ್ತನಿಗಳಲ್ಲೇ ಅತಿ ಉದ್ದ. ಮನುಷ್ಯನದು ಇದರ ಆರನೇ ಒಂದು ಪಾಲು.

ಮೈಬಿಸಿ, ಕಣ್ಣು

ಇವನ್ನು ಬೇಗ ಹೇಳಿ ಮುಗಿಸಬಹುದು. ಹಾಡುಹಕ್ಕಿಗಳ ಮೈಬಿಸಿ 40–41 ಡಿಗ್ರಿ ಸೆಲ್ಸಿಯಸ್, ಹೊಟ್ಟೆಚೀಲದ ಪ್ರಾಣಿಗಳದು ಸಾಮಾನ್ಯವಾಗಿ 35–36. ಹನಿ ಪಾಸಮ್ ತನ್ನ ಬಳಗದವುಗಳಿಗಿಂತ ಹೆಚ್ಚು ಇಂಧನ ಸುಡುವ ಪ್ರಾಣಿಯೇ. ಆದರೂ ಅದೇ ತೂಕದ ಹಕ್ಕಿಯ ಖರ್ಚಿನ ಮುಂದೆ ಅದು ಕಡಿಮೆ. ಚಳಿ, ಹಸಿವು ಒಟ್ಟಿಗೆ ಬಂದರೆ ಪಾಸಮ್ ಮೈಬಿಸಿ ಇಳಿಸಿ ಜಡನಿದ್ರೆಗೆ ಜಾರುತ್ತದೆ, ಮುಟ್ಟಿದರೆ ತಣ್ಣಗೆ ಸತ್ತಂತೆಯೇ ಇರುತ್ತದೆ, ಮತ್ತೆ ಬಿಸಿಯಾಗಿ ಏಳುತ್ತದೆ. ಕಣ್ಣಿನಲ್ಲಿ ಬಣ್ಣ ಹಿಡಿಯುವ ಶಂಕುಕೋಶಗಳು ಹಕ್ಕಿಗೆ ನಾಲ್ಕು ಬಗೆ, ಹೆಚ್ಚಿನ ಸಸ್ತನಿಗಳಿಗೆ ಎರಡು. ಹನಿ ಪಾಸಮ್‌ಗೆ ನಮ್ಮಂತೆ ಮೂರು. ಹೂ ಹಣ್ಣಾಗಿದೆಯೇ, ಹೊಸದೇ ಎಂದು ಬಣ್ಣ ನೋಡಿ ತಿಳಿಯಲು ಇದು ನೆರವಾದೀತು.

ಇಬ್ಬರ ತವರೂ ಒಂದೇ

ಹಾಡುಹಕ್ಕಿ ಎಂದರೆ ಬರೀ ಇಂಪಾಗಿ ಕೂಗುವ ಹಕ್ಕಿ ಎಂದಲ್ಲ. ಶ್ವಾಸನಾಳ ಕವಲೊಡೆಯುವಲ್ಲಿ ಸಂಕೀರ್ಣ ಸ್ನಾಯುಗಳ ಧ್ವನಿಪೆಟ್ಟಿಗೆ ಇರುವ, ಹಾಡನ್ನು ಕೇಳಿ ಕಲಿಯುವ ದೊಡ್ಡ ವಂಶ ಅದು. ಕಾಗೆಯೂ ಇದೇ ವಂಶದ್ದು. ಈ ವಂಶದ ಮೂಲ ಯುರೋಪ್ ಅಥವಾ ಏಷ್ಯಾ ಎಂದೇ ಬಹಳ ಕಾಲ ನಂಬಿದ್ದರು. 1980ರ ದಶಕದಲ್ಲಿ ಪಕ್ಷಿವಿಜ್ಞಾನಿಗಳಾದ ಚಾರ್ಲ್ಸ್ ಸಿಬ್ಲಿ ಮತ್ತು ಜಾನ್ ಆಲ್ಕ್ವಿಸ್ಟ್ ಡಿಎನ್‌ಎ ಹೋಲಿಕೆ ಮಾಡಿದಾಗ ಬೆರಳು ಆಸ್ಟ್ರೇಲಿಯದ ಕಡೆ ತಿರುಗಿತು. ಮುಂದಿನ ಅಧ್ಯಯನಗಳು ಅದನ್ನು ಗಟ್ಟಿ ಮಾಡಿದವು. ಕ್ವೀನ್ಸ್‌ಲ್ಯಾಂಡಿನ ಮರ್ಗನ್ ಎಂಬಲ್ಲಿ ಸುಮಾರು 5.5 ಕೋಟಿ ವರ್ಷ ಹಳೆಯ ಜೇಡಿಮಣ್ಣಿನಲ್ಲಿ ಈ ಬಗೆಯ ಹಕ್ಕಿಗಳ ಚೂರು ಮೂಳೆಗಳು ಸಿಕ್ಕಿವೆ. ಆಸ್ಟ್ರೇಲಿಯದ ಅತಿ ಹಳೆಯ ಹೊಟ್ಟೆಚೀಲದ ಪ್ರಾಣಿಗಳ ಪಳೆಯುಳಿಕೆ ಸಿಕ್ಕಿದ್ದೂ ಅದೇ ಜಾಗದಲ್ಲಿ. ಹೊಟ್ಟೆಚೀಲದವು ದಕ್ಷಿಣ ಅಮೆರಿಕದಿಂದ, ಆಗ ಹಸಿರಾಗಿದ್ದ ಅಂಟಾರ್ಕ್ಟಿಕದ ಮೂಲಕ ನಡೆದು ಬಂದವು.

ಮುಂದೆ ಆಸ್ಟ್ರೇಲಿಯ ಉತ್ತರಕ್ಕೆ ಸರಿದು ಏಷ್ಯಾದ ದ್ವೀಪಗಳ ಹತ್ತಿರ ಬಂದಾಗ, ಎರಡರಿಂದ ಮೂರು ಕೋಟಿ ವರ್ಷಗಳ ಹಿಂದೆ, ಹಾಡುಹಕ್ಕಿಗಳು ದ್ವೀಪದಿಂದ ದ್ವೀಪಕ್ಕೆ ಹಾರಿ ಲೋಕವೆಲ್ಲ ತುಂಬಿದವು. ಹೊಟ್ಟೆಚೀಲದವು ಇಂಡೊನೇಷ್ಯದ ಸುಲಾವೇಸಿ ದ್ವೀಪದವರೆಗೆ ಮಾತ್ರ ತಲುಪಿದವು. ಸುಲಾವೇಸಿ–ಬೋರ್ನಿಯೊ ನಡುವಿನ ಆಳ ಸಮುದ್ರ ಅವಕ್ಕೆ ಗಡಿಯಾಯಿತು. ಆದ್ದರಿಂದಲೇ ನಮ್ಮ ದಾಸವಾಳಕ್ಕೆ ಸೂರಕ್ಕಿ ಬರುತ್ತದೆ, ಪಾಸಮ್ ಬರುವುದಿಲ್ಲ. ಸೂರಕ್ಕಿ ಕುಟುಂಬದ ಒಂದು ಕವಲು ತಿರುಗಿ ಆಸ್ಟ್ರೇಲಿಯಕ್ಕೂ ಹೋಗಿದೆ, ಆದರೆ ಈಶಾನ್ಯದ ಕ್ವೀನ್ಸ್‌ಲ್ಯಾಂಡಿಗೆ. ಅಲ್ಲೂ ಅದು ಜನರ ವರಾಂಡದಲ್ಲೇ ಗೂಡು ಕಟ್ಟುತ್ತದೆ. ನೈಋತ್ಯದಲ್ಲಿರುವ ಹನಿ ಪಾಸಮ್‌ಗೂ ಅದಕ್ಕೂ ಭೇಟಿಯಾಗುವ ಸಂದರ್ಭವಿಲ್ಲ.

ನಮ್ಮ ಕಡೆ ಈ ಕುಟುಂಬದ ಬಗೆಗಳು ಸಾಕಷ್ಟಿವೆ. ನೇರಳೆ ಸೂರಕ್ಕಿ ಮುಂಬೈ, ಪುಣೆ, ಗೋವಾ ಮೂರರಲ್ಲೂ ಸಾಮಾನ್ಯ; ಕೊಕ್ಕು ಇನ್ನೂ ಉದ್ದವಾಗಿ ಬಾಗಿದ್ದರೆ ಲೋಟನ್ ಸೂರಕ್ಕಿ. ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಕಾಣುವ ಕೆಂಪು ಎದೆಯ ವಿಗೋರ್ಸ್ ಸೂರಕ್ಕಿ, ಗೋವಾದ ತೋಟಗಳಿಗೂ ಬರುವ ಪುಟಾಣಿ ಕಡುಗೆಂಪು ಬೆನ್ನಿನ ಸೂರಕ್ಕಿ, ಎರಡೂ ಪಶ್ಚಿಮ ಘಟ್ಟದವೇ.

ಪೆಟ್ ಶಾಪಿನ ‘ಶುಗರ್ ಗ್ಲೈಡರ್’

ಮುಂಬೈ, ಪುಣೆಗಳ ಪೆಟ್ ಶಾಪುಗಳಲ್ಲಿ ಸಿಗುವ ಶುಗರ್ ಗ್ಲೈಡರ್ ಕೂಡ ಹೊಟ್ಟೆಚೀಲದ ಪ್ರಾಣಿಯೇ, ಆದರೆ ಹನಿ ಪಾಸಮ್ ಅಲ್ಲ. ತೂಕ 100 ಗ್ರಾಂ ಆಸುಪಾಸು. ಹೆಸರಲ್ಲಿ ಸಕ್ಕರೆ ಇದೆಯೆಂದು ಹಣ್ಣು, ಜೇನು ಮಾತ್ರ ಕೊಟ್ಟು ಸಾಕುವವರಿದ್ದಾರೆ. ಅನಾಹುತ ಶುರುವಾಗುವುದು ಅಲ್ಲೇ. ಕಾಡಿನಲ್ಲಿ ಅದು ಮರದ ಅಂಟು, ಕೀಟ, ಪರಾಗ ತಿನ್ನುತ್ತದೆ. ಹಣ್ಣಿನಲ್ಲಿ ಕ್ಯಾಲ್ಸಿಯಂ ಕಡಿಮೆ. ರಕ್ತದ ಮಟ್ಟ ಕಾಯಲು ದೇಹ ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆಯುತ್ತದೆ. ಹಿಂಗಾಲು ನಡುಗಿ, ಎಳೆದುಕೊಂಡು ನಡೆಯುವ ಹಂತ ಬರುತ್ತದೆ. ಅದು ಗುಂಪಿನಲ್ಲಿ ಬಾಳುವ, ರಾತ್ರಿ ಎಚ್ಚರವಿರುವ ಪ್ರಾಣಿ. ಒಂಟಿಯಾಗಿ ಪಂಜರದಲ್ಲಿಟ್ಟರೆ ತನ್ನ ಬಾಲವನ್ನೇ ಕಚ್ಚಿಕೊಳ್ಳುವುದುಂಟು. ಹತ್ತು ವರ್ಷಕ್ಕೂ ಮೇಲೆ ಬದುಕಬಲ್ಲದು. ಒಂದು ಬೆಡ್‌ರೂಮಿನ ಫ್ಲ್ಯಾಟಿಗೆ ಇದು ಹೇಳಿಮಾಡಿಸಿದ ಪ್ರಾಣಿಯಲ್ಲ. ಸೂರಕ್ಕಿಯ ಮಾತಿಗೆ ಬಂದರೆ ಆಯ್ಕೆಯ ಪ್ರಶ್ನೆಯೇ ಇಲ್ಲ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಹಿಡಿಯುವುದು, ಸಾಕುವುದು, ಮೊಟ್ಟೆ ತೆಗೆಯುವುದು ಅಪರಾಧ.

ಬಾಲ್ಕನಿಯಲ್ಲಿ ಗೂಡು ಕಟ್ಟಿದರೆ

ಸೂರಕ್ಕಿಗೆ ಹೊಟ್ಟೆಚೀಲ ಇಲ್ಲದಿದ್ದರೂ ಅದು ಕಟ್ಟುವುದು ಚೀಲವನ್ನೇ: ಜೇಡರ ಬಲೆಯಿಂದ ಹೆಣೆದ, ಪಕ್ಕದಲ್ಲಿ ಬಾಯಿ, ಬಾಯಿಯ ಮೇಲೆ ಸಣ್ಣ ಸೂರು ಇರುವ ನೇತಾಡುವ ಗೂಡು. ಹೊರಗೆ ತೊಗಟೆ ಚೂರು, ಹುಳುವಿನ ಹಿಕ್ಕೆ, ಒಣ ಎಲೆ ಅಂಟಿಸಿರುವುದರಿಂದ ಗಾಳಿಗೆ ಸಿಕ್ಕಿದ ಕಸದಂತೆ ಕಾಣುತ್ತದೆ. ಕೆಲಸದವರು ಗುಡಿಸುವಾಗ ಕಿತ್ತುಬಿಡುವುದು ಈ ವೇಷದಿಂದಲೇ. ಮನೆಯವರಿಗೆಲ್ಲ ಮೊದಲೇ ಹೇಳಿಡಿ. ಬಟ್ಟೆ ಒಣಗಿಸುವ ತಂತಿ, ಮನಿಪ್ಲ್ಯಾಂಟ್ ಬಳ್ಳಿ, ಬಲ್ಬಿನ ವೈರು, ಎಲ್ಲವೂ ಅದಕ್ಕೆ ಸೈ. ತಂತಿಯನ್ನು ಆ ಐದಾರು ವಾರ ಬಿಟ್ಟುಕೊಡಿ. ಗೂಡನ್ನು ಒಂದಡಿ ಆಚೆ ಸರಿಸಿದರೂ ತಾಯಿ ಹಳೆಯ ಜಾಗಕ್ಕೇ ಬಂದು ಗೂಡು ಕಾಣದೆ ಒದ್ದಾಡುತ್ತದೆ.

ಸೊಸೈಟಿಯ ಪೆಸ್ಟ್ ಕಂಟ್ರೋಲ್ ದಿನ ನಿಮ್ಮ ಬಾಲ್ಕನಿಗೆ ಔಷಧಿ ಬೇಡ ಎಂದು ಸೆಕ್ರೆಟರಿಗೆ ತಿಳಿಸಿ. ಜೇಡ, ಹುಳು ಸತ್ತರೆ ಮರಿಗೆ ಊಟವಿಲ್ಲ, ಔಷಧಿ ತಾಗಿದ ಜೇಡ ಕೊಟ್ಟರೆ ಮರಿಯೇ ಇಲ್ಲ. ಮೂಲೆಯ ಜೇಡರ ಬಲೆಯನ್ನೂ ಗೂಡು ಕಟ್ಟುವ ಕಾಲದಲ್ಲಿ ತೆಗೆಯದಿದ್ದರೆ ಒಳ್ಳೆಯದು, ಅದಕ್ಕೆ ಅದೇ ನೂಲು. ಸಕ್ಕರೆ ನೀರು ತೂಗುಹಾಕುವ ಅಗತ್ಯವಿಲ್ಲ. ನಮ್ಮ ಸೆಕೆಗೆ ಅದು ಒಂದೇ ದಿನದಲ್ಲಿ ಹುದುಗುತ್ತದೆ, ಬೂಷ್ಟು ಹಿಡಿಯುತ್ತದೆ, ಇರುವೆಗೆ ದಾರಿಯಾಗುತ್ತದೆ. ಬದಲಿಗೆ 12 ಇಂಚಿನ ಕುಂಡದಲ್ಲಿ ಕೇಪಳ, ಹಮೇಲಿಯ, ಜೋತುಬೀಳುವ ರಸೆಲಿಯ ಸಾಕು. ಗೋವಾದ ಹಿತ್ತಿಲಿನವರಿಗೆ ಬಾಳೆಯ ಪೂಂಬೆ ಇದ್ದೇ ಇದೆ.

ಗಂಡು ಕಿಟಕಿ ಗಾಜಿಗೋ ಸ್ಕೂಟರಿನ ಕನ್ನಡಿಗೋ ಗಂಟೆಗಟ್ಟಲೆ ಕುಕ್ಕುತ್ತಿದ್ದರೆ ಅದು ತನ್ನ ಬಿಂಬವನ್ನೇ ಎದುರಾಳಿ ಎಂದುಕೊಂಡಿದೆ. ಕನ್ನಡಿಗೆ ಒಂದು ಹಳೇ ಕಾಲುಚೀಲ ಹಾಕಿ, ಗಾಜಿಗೆ ಹೊರಗಡೆಯಿಂದ ಪೇಪರ್ ಅಂಟಿಸಿ. ಮೇ ತಿಂಗಳಲ್ಲಿ ಪಶ್ಚಿಮದ ಬಿಸಿಲು ಗೂಡಿಗೆ ನೇರ ಬೀಳುತ್ತಿದ್ದರೆ, ತಾಯಿ ಹೊರಗಿರುವಾಗ ಗ್ರಿಲ್‌ಗೆ ಎರಡು ಮೂರು ಅಡಿ ದೂರದಲ್ಲಿ ಬಟ್ಟೆಯ ಮರೆ ಕಟ್ಟಿ, ಐದು ನಿಮಿಷದಲ್ಲಿ ಒಳಗೆ ಬನ್ನಿ. ಗರಿ ಬಾರದ ಮರಿ ಕೆಳಗೆ ಬಿದ್ದರೆ ಎತ್ತಿ ಗೂಡಿಗೇ ಬಿಡಿ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ಮಾತು ಸುಳ್ಳು. ನೀರು, ಹಾಲು ಬಾಯಿಗೆ ಹನಿಸಬೇಡಿ, ಶ್ವಾಸನಾಳಕ್ಕೆ ಹೋಗಿ ಸಾಯುತ್ತದೆ.

ಮರಿಗಳು ಹಾರಿದ ಮೇಲೂ ಗೂಡನ್ನು ಒಂದು ತಿಂಗಳಾದರೂ ಮುಟ್ಟಬೇಡಿ. ಗಟ್ಟಿಯಾಗಿ ಉಳಿದಿದ್ದರೆ ಅದೇ ಹೆಣ್ಣು ಒಳಗೆ ಹೊಸ ಹತ್ತಿ ಹಾಸಿ ಎರಡನೇ ಸಲ ಮೊಟ್ಟೆ ಇಡುವುದುಂಟು.